ನನ್ನ ಮುಖಕ್ಕಿಲ್ಲದ ಧೈರ್ಯ

ಮುಖ್ಯ ದ್ವಾರದ ಕಂಬವೇರಿ ಕುಳಿತು, ಬಂದುಹೋಗುವ ವಿದ್ಯಾರ್ಥಿಗಳ ಮೋರೆಗಳನ್ನೆಲ್ಲ ಕಣ್ಣು ಮಿಟುಕಿಸದೆ ಪರಾಂಬರಿಸುತ್ತಿರುವ, ನಮ್ಮ ವಿಶ್ವವಿದ್ಯಾಲಯದಲ್ಲಿ ಪೊಲೀಸರು ಹಾಕಿಸಿದ, ಮುಖ ಗುರುತಿಸುವ ಕ್ಯಾಮೆರಾ ಅವರ ಸನ್ನಿಧಿಗೆ,

ಮಾನ್ಯರೇ,

ಸಸ್ಯಶಾಸ್ತ್ರದ ವಿದ್ಯಾರ್ಥಿನಿಯೂ ಹಾಸ್ಟೆಲಿನಲ್ಲಿ ‘ಪುಕ್ಕಲಿ’ ಎಂದೇ ಹೆಸರಾದವಳೂ ಆದ ನಾನು ಮಾಡುವ ವಂದನೆಗಳು. ತಲೆಬಾಗಿದರೆ ಮುಖ ಕಾಣದೆ ತಮಗೆ ತೊಂದರೆಯಾದೀತೆಂದು ಕತ್ತೆತ್ತಿಯೇ ವಂದಿಸುತ್ತಿದ್ದೇನೆ.

ತಮ್ಮನ್ನು ಕಂಬದಿಂದ ಇಳಿಸಬೇಕೆಂದು ಕಳೆದ ವಾರ ವಿದ್ಯಾರ್ಥಿಗಳು ಗಲಾಟೆ ಮಾಡಿದಾಗ, ‘ನಮ್ಮ ಮುಖ ನಮ್ಮದು’ ಎಂಬ ಫಲಕ ಹಿಡಿದು ಮುಂದೆ ನಿಂತು ಕೂಗುತ್ತಿದ್ದ ಹುಡುಗಿಯನ್ನು ತಾವು ಆರಿಸಿ, ಅವಳೇ ನಾನೆಂದು ಸಾರಿದಿರಿ. ಆಗ ನಾನು ರೂಮಿನ ಚಿಲಕ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ಎಲೆಯ ನರಗಳ ಚಿತ್ರ ಬರೆಯುತ್ತಿದ್ದೆ. ಇನ್ಸ್‌ಪೆಕ್ಟರ್ ಸಾಹೇಬರು ಮಾತ್ರ “ಮಷೀನು ನೂರಕ್ಕೆ ಎಂಬತ್ತೆರಡು ಹೋಲಿಕೆ ಅಂತಿದೆಯಮ್ಮ, ಸುಮ್ನೆ ಒಪ್ಕೊಂಡ್ಬಿಡು” ಎಂದರು. ಯಾವ ಪರೀಕ್ಷೆಯಲ್ಲೂ ನನಗೆ ಬಾರದ ಎಂಬತ್ತೆರಡು, ಬರೀ ಮುಖ ಇದ್ದದ್ದಕ್ಕೆ ಬಂತಲ್ಲ! ಅದಕ್ಕೆ ನಾನು ಋಣಿ. ಆದರೆ ಕ್ಷಮಾಪಣೆ ಬರೆದುಕೊಡುವವರೆಗೆ ವಿಶ್ವವಿದ್ಯಾಲಯದವರು ಹಾಲ್ ಟಿಕೆಟ್ ಕೊಡುವುದಿಲ್ಲವಂತೆ. ಪರೀಕ್ಷೆ ಮುಂದಿನ ವಾರವೇ ಇದೆ.

ಅಮ್ಮನನ್ನೂ ಕರೆಸಿದರು. ಗಲಾಟೆಯ ದಿನ ತಾವು ತೆಗೆದ ಫೋಟೋ ನೋಡಿದ್ದೇ ತಡ ಅವಳು, “ಇವಳು ನನ್ನ ಮಗಳಲ್ಲ ಸಾರ್. ನಮ್ಮವಳು ಜಿರಳೆ ಕಂಡ್ರೆ ಮಂಚ ಹತ್ತೋಳು, ಹಿಂಗೆಲ್ಲ ನಿಂತ್ಕೊಳ್ಳೋದು ಅವಳ ಕೈಲಾಗಲ್ಲ” ಎಂದಳು. ಮಾನ್ಯರೇ, ತಮ್ಮ ಆರೋಪಕ್ಕಿಂತ ನನ್ನ ಪರವಾಗಿ ನುಡಿದ ಈ ಸಾಕ್ಷಿಯೇ ನನಗೆ ಹೆಚ್ಚು ಚುಚ್ಚಿತು. ಅಂದಿನಿಂದ ಕನ್ನಡಿಯ ಮುಂದೆ ಆ ಹುಡುಗಿಯಂತೆ ಗದ್ದವೆತ್ತಿ ನೋಡಿಕೊಳ್ಳುತ್ತಿದ್ದೇನೆ. ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ.

ಮುಖ ಹೇಗೂ ತಮ್ಮ ವಶದಲ್ಲಿರುವುದರಿಂದ, ಬೆಳಗಿನ ಮೊದಲ ಕ್ಲಾಸಿಗೆ ತಾವೇ ಅದನ್ನು ಕರೆದೊಯ್ದು ಹಾಜರಿ ಹಾಕಿಸಬೇಕು. ಅದರ ಮೊಡವೆಗಳನ್ನೂ ವಹಿಸಿಕೊಳ್ಳಬೇಕು. ಹಾಲ್ ಟಿಕೆಟ್ ಸಿಗದಿದ್ದರೆ ಪರೀಕ್ಷೆಯನ್ನೂ ಅದರಿಂದಲೇ ಬರೆಸಬೇಕಾಗಿ ಪ್ರಾರ್ಥನೆ. ಕ್ಷಮಾಪಣೆಯನ್ನು ಮಾತ್ರ ಬರೆಯಲಾರೆ. ಇನ್ನೊಬ್ಬಳ ಧೈರ್ಯಕ್ಕೆ ನಾನು ಕ್ಷಮೆ ಕೇಳಿದರೆ, ಅದನ್ನು ಅವಳಿಂದ ಕದ್ದ ಹಾಗಾಗುತ್ತದೆ.

ತಮ್ಮ ವಿಶ್ವಾಸಿ, ನೂರಕ್ಕೆ ಎಂಬತ್ತೆರಡು ಪಾಲು ಮಾತ್ರ,
ಪುಕ್ಕಲಿ

ತಾ.ಕ.: ಆ ಹುಡುಗಿ ನಿನ್ನೆ ಕ್ಯಾಂಟೀನಿನ ಸಾಲಿನಲ್ಲಿ ಸಿಕ್ಕಳು. ಯಾವ ಯಂತ್ರದ ನೆರವೂ ಇಲ್ಲದೆ ಕಂಡ ಕೂಡಲೇ ಗುರುತು ಹಿಡಿದೆ. ನನ್ನ ಹಾಗೆ ಒಂಚೂರೂ ಇಲ್ಲ. ಹೆಸರು ಹೇಳುವುದಿಲ್ಲ. ಸೋಮವಾರ ತಮ್ಮ ಕಂಬದ ಕೆಳಗೇ ಅವಳ ಪಕ್ಕದಲ್ಲಿ ಫಲಕ ಹಿಡಿದು ನಿಲ್ಲುತ್ತೇನೆ. ಕಾಲು ನಡುಗುತ್ತಿರುವವಳೇ ನಾನು. ಈ ಸಲವಾದರೂ ಸರಿಯಾಗಿ ಗುರುತಿಸಿ.