ತಂಗಿಯ ಕಪ್ಪು ಜಾಲರಿಯನ್ನು ನಾನು ಬೆಳಗಿದ್ದು

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಆದರೆ ಲೋಹದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಂಗಳೂರಿನಲ್ಲಿ ಇಪ್ಪತ್ತೆಂಟು ವರ್ಷ ಪಾತ್ರೆಗಳಿಗೆ ಕಲಾಯಿ ಹಾಕಿದವನು, ಹಿತ್ತಾಳೆ ಬೆಳಗಿದವನು ನಾನು. ನನ್ನ ಕೈಗೆ ಬಂದ ಯಾವ ಪಾತ್ರೆಯೂ ಕಪ್ಪಾಗಿ ಮನೆಗೆ ಮರಳಿದ್ದಿಲ್ಲ. ಈ ಘನ ದಾಖಲೆಯೇ ನನ್ನ ತಂಗಿ ಶೈಲಾಳಿಗೆ ಮುಳುವಾಯಿತು.

ಶೈಲಾ ಸ್ಯಾನ್ ಡಿಯಾಗೋದಲ್ಲಿ ವಿಜ್ಞಾನಿ. ಬಿಸಿಲಿನಿಂದ ಬಂದ ಕರೆಂಟು ಹಾಯಿಸಿ ನೀರನ್ನು ಒಡೆದು ಹೈಡ್ರೋಜನ್ ತೆಗೆಯುತ್ತಾರಂತೆ. ಆ ಕೆಲಸ ಕಡಿಮೆ ಕರೆಂಟಿನಲ್ಲೇ ಆಗುವಂತೆ ಮಾಡುವ ಪದಾರ್ಥವೊಂದನ್ನು ಅವಳು ತಯಾರಿಸುತ್ತಾಳೆ. ಕಳೆದ ವರ್ಷ ಟಿಕೆಟ್ ಕಳಿಸಿ, "ಒಂದು ಸಲ ಬಾ ಅಣ್ಣ" ಎಂದಳು. ಹೋದೆ.

ಅವಳು ಬೆಳಿಗ್ಗೆ ಏಳಕ್ಕೆ ಲ್ಯಾಬಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯ ಅವಳ ಅಪಾರ್ಟ್‌ಮೆಂಟಿನಲ್ಲಿ ಹನ್ನೆರಡು ಗಂಟೆ ನಾನು ಮತ್ತು ಫ್ರಿಜ್ಜು. ಫ್ರಿಜ್ಜಾದರೂ ಆಗಾಗ ಗುರ್ ಎನ್ನುತ್ತಿತ್ತು. ಎದುರು ಮನೆಯವನು ಕಂಡಾಗ ನಗುತ್ತಿದ್ದ, ನಾನೂ ನಗುತ್ತಿದ್ದೆ. ನನ್ನ ಇಂಗ್ಲಿಷ್ ಅಲ್ಲಿಗೆ ಮುಗಿಯುತ್ತಿತ್ತು. ಮೂರು ವಾರದಲ್ಲಿ ಮನೆಯ ಪಾತ್ರೆಗಳನ್ನೆಲ್ಲ ಎರಡೆರಡು ಸಲ ಬೆಳಗಿದೆ. ಬಾಗಿಲ ಹಿಡಿಕೆಗಳನ್ನೂ ಬಿಡಲಿಲ್ಲ.

ಒಂದು ಸಂಜೆ ಶೈಲಾ ಸಣ್ಣದೊಂದು ಬಿಳಿ ಡಬ್ಬಿ ತಂದು ಅಡುಗೆಕಟ್ಟೆಯ ಮೇಲಿಟ್ಟಳು.

"ನಾಳೆ ಬೆಳಿಗ್ಗೆ ಲಾಸ್ ಏಂಜಲೀಸಿಗೆ ಹೋಗ್ಲಿಕ್ಕುಂಟು. ಅಲ್ಲಿ ದೊಡ್ಡ ಮೈಕ್ರೋಸ್ಕೋಪ್ ಬುಕ್ ಮಾಡಿದ್ದೇನೆ. ನೀನೂ ಬಾ, ಊರು ನೋಡಿದ ಹಾಗಾಗ್ತದೆ" ಎಂದವಳೇ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಮೀಟಿಂಗಿಗೆ ಕುಳಿತಳು.

ಡಬ್ಬಿ ತೆರೆದು ನೋಡಿದೆ. ಅಂಚೆಚೀಟಿಯಷ್ಟು ಅಗಲದ ಲೋಹದ ಜಾಲರಿ. ಮೈಯೆಲ್ಲ ಮಸಿ! ಪಾಪ, ಇಷ್ಟು ಓದಿದವಳಿಗೆ ಇದನ್ನು ತೊಳೆಯಲು ಪುರುಸೊತ್ತಿಲ್ಲ. ಅಷ್ಟು ದೊಡ್ಡ ಊರಿಗೆ ಹೋಗುವ ವಸ್ತು ಹೀಗೆ ಹೋಗಬಾರದೆಂದು ಹುಣಸೆಹಣ್ಣು ನೆನೆಹಾಕಿದೆ. ಅದು ನೆನೆಯುವಷ್ಟರಲ್ಲಿ ಊರಿನಲ್ಲಿದ್ದ ಹೆಂಡತಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಅದು ಅವಳ ಸಾಮಾನು. ಕೇಳಿದ್ರಾ?"

"ಮೀಟಿಂಗಿನಲ್ಲಿದ್ದಾಳೆ."

"ಹಾಗಾದ್ರೆ ಕೈ ಕಟ್ಟಿ ಕೂತ್ಕೊಳ್ಳಿ."

ನಮ್ಮ ಸಂಸಾರದಲ್ಲಿ ಅವಳು ಹೇಳಿದ ಒಳ್ಳೆಯ ಮಾತುಗಳನ್ನೆಲ್ಲ ನಾನು ಹೀಗೆಯೇ ಕೇಳಿ ಬಿಟ್ಟಿದ್ದೇನೆ. ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕುಳಿತೆ. ಮಸಿ ಸಾಮಾನ್ಯದ್ದಲ್ಲ. ಕೊನೆಗೆ ಜಾಲರಿ ಬೆಳ್ಳಿಯಂತೆ ಹೊಳೆಯಿತು. ಒರೆಸಿ, ಡಬ್ಬಿಯೊಳಗಿಟ್ಟು, ಮುಚ್ಚಿದೆ. ತಂಗಿ ಅಲ್ಲಿ ತೆರೆದು ಬೆರಗಾಗಲಿ ಎಂದು ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಹೊರಟೆವು. ಎಡಕ್ಕೆ ಕಡಲು, ಬಲಕ್ಕೆ ಗುಡ್ಡ. ಮೂರು ವಾರದಲ್ಲಿ ಮೊದಲ ಸಲ ಶೈಲಾ ಬಾಯಿ ತುಂಬ ಮಾತಾಡಿದಳು.

"ನಿನ್ನ ಕಲಾಯಿ ಇದ್ದ ಹಾಗೆಯೇ ಅಣ್ಣ ಇದು. ಜಾಲರಿ ಬರೀ ಪಾತ್ರೆ. ಕೆಲಸ ಮಾಡುವುದು ಮೇಲಿನ ಕಪ್ಪು ಲೇಪ. ಆರು ವಾರ ಬಿಡದೆ ಕರೆಂಟು ಹಾಯಿಸಿ ಓಡಿಸಿದೆ, ಸೋಲಲಿಲ್ಲ. ಲೇಪ ಇನ್ನೂ ಸರಿ ಉಂಟಾ ಅಂತ ಇವತ್ತು ನೋಡ್ಬೇಕು. ಉಂಟು ಅಂತಾದ್ರೆ ನಾನು ಗೆದ್ದೆ."

ಜೀವಮಾನವಿಡೀ ಕಲಾಯಿ ಹಾಕಿದವನು, ಒಡಹುಟ್ಟಿದವಳ ಕಲಾಯಿಯನ್ನೇ ಉಜ್ಜಿ ತೆಗೆದಿದ್ದೆ!

ಆಗಲೇ ಹೇಳಬೇಕಿತ್ತು. ಹೇಳಿದರೆ ಅವಳ ಮಾತು ನಿಲ್ಲುತ್ತಿತ್ತು. ಮುಂದಿನ ಸೇತುವೆ ಬರಲಿ, ಹೇಳುತ್ತೇನೆ ಎಂದುಕೊಂಡೆ. ಆ ದೇಶದಲ್ಲಿ ಸೇತುವೆಗಳಿಗೇನೂ ಬರವಿಲ್ಲ. ಅವಳು ಚಿಕ್ಕಂದಿನಲ್ಲಿ ನನ್ನ ಕುಲುಮೆಯ ತಿದಿ ಒತ್ತಿದ್ದನ್ನೆಲ್ಲ ನೆನೆಸಿಕೊಂಡು ನಗುತ್ತಿದ್ದಳು. ನಾನೂ ನಕ್ಕೆ. ಲಾಸ್ ಏಂಜಲೀಸ್ ಬಂದೇಬಿಟ್ಟಿತು.

ಅಲ್ಲಿನ ಯೂನಿವರ್ಸಿಟಿಯ ಬೆಂಚಿನ ಮೇಲೆ ಒಬ್ಬನೇ ಕುಳಿತೆ. ಒಂದು ಗಂಟೆಯ ಬಳಿಕ ಅವಳು ಹೊರಗೆ ಬಂದಳು. ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು.

"ಲೇಪವೇ ಇಲ್ಲ ಅಣ್ಣ. ತರುವಾಗ ನೋಡಿದ್ದೇನಲ್ಲ, ಕಪ್ಪಾಗಿಯೇ ಇತ್ತು. ಒಣಗಿದ ಮೇಲೆ ಉದುರಿರ್ಬೇಕು. ಅಂದ್ರೆ ಹಿಡಿತವೇ ಇಲ್ಲ. ಎರಡು ವರ್ಷದ ಕೆಲಸ ತಪ್ಪಾಯ್ತು. ಪ್ರೊಫೆಸರಿಗೆ ಹೇಳಿಬಿಡ್ತೇನೆ" ಎಂದು ಫೋನ್ ತೆಗೆದಳು.

ನಾನು ಅವಳ ಕೈ ಹಿಡಿದೆ. "ಉದುರಿದ್ದಲ್ಲ. ನಾನು ಬೆಳಗಿದ್ದು."

"ಎಂತ ಬೆಳಗಿದ್ದು?"

"ಹುಣಸೆಹುಳಿ ಹಾಕಿ."

ಅವಳು ನನ್ನನ್ನೇ ನೋಡಿದಳು. "ಕಾರಿನಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತಿದ್ದೆಯಲ್ಲ?"

"ನೀನು ಮಾತಾಡ್ತಾ ಇದ್ದೆ. ಮತ್ತೆ ಯಾವಾಗ ಮಾತಾಡ್ತೀಯೋ ಅಂತ..."

ಅವಳು ಡಬ್ಬಿ ತೆರೆದು ಜಾಲರಿಯನ್ನು ಬೆಳಕಿಗೆ ಹಿಡಿದಳು. ಆಮೇಲೆ ತಟ್ಟನೆ ಕೇಳಿದಳು: "ಎಷ್ಟು ಹೊತ್ತು ಉಜ್ಜಿದೆ?"

"ಮುಕ್ಕಾಲು ಗಂಟೆ. ಸುಲಭಕ್ಕೆ ಬಿಡಲಿಲ್ಲ ಮಾರಾಯ್ತಿ, ತೋಳು ಬಿದ್ದುಹೋಯ್ತು."

"ಮುಕ್ಕಾಲು ಗಂಟೆ?" ಫೋನ್ ಮೆಲ್ಲನೆ ಚೀಲಕ್ಕೆ ಹೋಯಿತು. "ಹಾಗಾದ್ರೆ ಗಟ್ಟಿ ಉಂಟು."

ಆದರೆ ಹುಣಸೆಹುಳಿಯ ಸಾಕ್ಷ್ಯವನ್ನು ವಿಜ್ಞಾನ ಒಪ್ಪುವುದಿಲ್ಲವಂತೆ. ಹೊಸ ಜಾಲರಿ ಮಾಡಿ ಮತ್ತೆ ಆರು ವಾರ ಓಡಿಸಬೇಕು. ವಾಪಸು ಬರುವಾಗ ಕಾರಿನಲ್ಲಿ ಮಾತಿರಲಿಲ್ಲ. ಅರ್ಧ ದಾರಿಯಲ್ಲಿ ನಾನೇ ಧೈರ್ಯ ಮಾಡಿದೆ.

"ಟಿಕೆಟ್ ಮುಂದೆ ಹಾಕಿಸಿ ಆರು ವಾರ ಇದ್ದುಬಿಡಲಾ? ನಿನಗೊಂದು ಸಹಾಯ ಆಗ್ತದೆ."

"ಬೇಡ ಅಣ್ಣ."

ಯಾವ ಪ್ರಶ್ನೆಗೂ ಅಳೆದು ತೂಗದೆ ಉತ್ತರ ಕೊಡದ ವಿಜ್ಞಾನಿ ಅವಳು. ಇದಕ್ಕೆ ಮಾತ್ರ ಪ್ರಯೋಗ ಬೇಕಾಗಲಿಲ್ಲ.