ಹನ್ನೊಂದು ಮಂದಿಯ ಹಾವಸೆ

ಓದಿದ್ದು ಒಂದು, ಓದಿಸುವುದು ಇನ್ನೊಂದು ಎಂಬುದು ಕಾಲೇಜು ಅಧ್ಯಾಪಕರ ಹಣೆಬರಹ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಹೆಸರಿಗೆ ‘ಡಾಕ್ಟರ್’ ಅಂಟಿಕೊಂಡಿದೆ ಎಂದರೆ ಆ ವಿದ್ಯೆಯನ್ನೇ ದಿನಾ ಬೆಳಗ್ಗೆ ಕೊಡಗಟ್ಟಲೆ ಸುರಿಯುತ್ತಾರೆಂದು ತಿಳಿದಿರುತ್ತಾರೆ. ಎಲ್ಲಿಯ ಮಾತು! ವಿಜಯಪುರ ಜಿಲ್ಲೆಯ ಇಂಡಿ ಊರಿನ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಪಾಟೀಲ ಸರ್ ಡಾಕ್ಟರೇಟ್ ಮಾಡಿದ್ದು ಕರಾವಳಿಯ ಮೀನು ಮಾರುಕಟ್ಟೆಯ ಮೇಲೆ. ಮನುಷ್ಯ ಉಳ್ಳಾಗಡ್ಡಿಯನ್ನೂ ಮುಟ್ಟದ ಶುದ್ಧ ಸಸ್ಯಾಹಾರಿ. ಅವರಿಗಿಂತ ನನ್ನ ಗತಿಯೇನೂ ಮೇಲಲ್ಲ. ನಾನು ಹಾವಸೆಯಲ್ಲಿ ಡಾಕ್ಟರು. ಹೌದು, ಬಚ್ಚಲಲ್ಲಿ ಕಾಲು ಜಾರಿ ಬಿದ್ದಾಗ ನೀವು ಬೈಯುತ್ತೀರಲ್ಲ, ಅದೇ ಹಾವಸೆ.

ಧಾರವಾಡದಲ್ಲಿ ಓದುವಾಗ ಇದು ತಮಾಷೆಯೆಂದು ನನಗೆ ಅನ್ನಿಸಿರಲೇ ಇಲ್ಲ. ಅಲ್ಲಿ ಜಿಟಿಜಿಟಿ ಮಳೆ, ಹೆಜ್ಜೆಗೊಂದು ಹಸಿರು ಕಲ್ಲು. ಐದು ವರ್ಷ ಭೂತಗನ್ನಡಿ ಹಿಡಿದು ಕಂಡಕಂಡ ಗೋಡೆಗೆ ಮುಖ ಹಚ್ಚಿ ನಿಂತಿದ್ದೇ ನನ್ನ ಸಂಶೋಧನೆ. ಮದುವೆಯಾಗಿ ಬಸವನ ಬಾಗೇವಾಡಿಗೆ ಬಂದಾಗ ನಮ್ಮ ಅತ್ತೆ ಬಂದವರಿಗೆಲ್ಲ ನನ್ನನ್ನು ಪರಿಚಯಿಸುತ್ತಿದ್ದ ರೀತಿಯೇ ಬೇರೆ. “ನಮ್ಮ ಸೊಸಿ ಭಾಳ ಓದ್ಯಾಳವ್ವ. ಬಚ್ಚಲದಾಗಿನ ಹಾವಸಿ ಮ್ಯಾಲೆ ಇಷ್ಟು ದಪ್ಪ ಪುಸ್ತಕ ಬರದಾಳ. ತಿಕ್ಕು ಅಂದ್ರ ಮಾತ್ರ ತಿಕ್ಕೂದಿಲ್ಲ!” ತಿಕ್ಕುವುದಾದರೂ ಹೇಗೆ ಹೇಳಿ? ಕೈ ಬರುತ್ತಿರಲಿಲ್ಲ. ಮುಂದೆ ನೌಕರಿ ಸಿಕ್ಕಿದ್ದು ಇಂಡಿಯಲ್ಲಿ. ಲಿಂಬೆಗೆ ಹೆಸರಾದ ಊರು. ಆದರೆ ಹಾವಸೆಗೆ ಬೇಕಾದ ತಂಪು ಎಲ್ಲಿಂದ ಬರಬೇಕು? ಬಂದ ಹೊಸದರಲ್ಲಿ ಇಡೀ ಆವರಣ ಸುತ್ತಿ, ಕೊನೆಗೆ ಪ್ರಯೋಗಾಲಯದ ಹಿಂದಿನ ಗೋಡೆಯಲ್ಲಿ ನೀರಿನ ಟಾಕಿ ಸೋರುವ ಕಡೆ ಅಂಗೈ ಅಗಲದ ಹಾವಸೆ ಕಂಡಾಗ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ಆ ಸೋರಿಕೆಯನ್ನು ಹದಿನಾಲ್ಕು ವರ್ಷ ಕಾಪಾಡಿಕೊಂಡು ಬಂದೆ. ನಳದ ಕೆಲಸದವನು ಸೋರಿಕೆ ಬಿಗಿಯಲು ಪಾನಾ ಹಿಡಿದು ಬಂದಾಗಲೆಲ್ಲ ಚಹಾ ಕುಡಿಸಿ, ಮಾತಿಗೆ ಹಚ್ಚಿ, ವಾಪಸು ಕಳಿಸಿದ್ದೇನೆ.

ಇನ್ನು ಕಲಿಸುವ ಮಾತು. ಪಠ್ಯದಲ್ಲಿ ಹಾವಸೆಗೆ ಸಿಕ್ಕಿರುವುದು ಒಂದೇ ಅಧ್ಯಾಯ, ಅದೂ ಹಬ್ಬದ ರಜೆಯ ಹಿಂದುಮುಂದು ಬರುತ್ತದೆ. ಹೀಗಾಗಿ ನನ್ನೊಳಗಿನ ವಿದ್ಯೆಯೆಲ್ಲ ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿಗೆ ಹೊರಬೀಳುತ್ತಿತ್ತು. ದೈಹಿಕ ಶಿಕ್ಷಣದ ನದಾಫ ಸರ್ ಕಪ್ಪಿನ ತಳ ನೋಡುತ್ತ ಕೂತಿರುತ್ತಿದ್ದರು. ಇತಿಹಾಸದ ಬಿರಾದಾರ ಸರ್ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಪಾಟೀಲ ಸರ್ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಅದು ಒಪ್ಪಿಗೆಯೋ ತೂಕಡಿಕೆಯೋ ತಿಳಿಯುತ್ತಿರಲಿಲ್ಲ. ಯಾರೂ ಕೇಳುತ್ತಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಹೇಳುವುದನ್ನು ಬಿಟ್ಟವಳಲ್ಲ.

ಹೀಗಿರುವಾಗ ನಮ್ಮ ಸಸ್ಯಶಾಸ್ತ್ರ ವಿಭಾಗಕ್ಕೇ ಕುತ್ತು ಬಂತು. ವಿದ್ಯಾರ್ಥಿಗಳು ಇಳಿಯುತ್ತ ಇಳಿಯುತ್ತ ಏಳಕ್ಕೆ ಬಂದು ನಿಂತಿದ್ದರು. ಪ್ರಿನ್ಸಿಪಾಲರು ಕರೆದು ಹೇಳಿದರು: “ಮ್ಯಾಡಂ, ಮ್ಯಾನೇಜಮೆಂಟಿನವರು ವಿಭಾಗ ಮುಚ್ಚೂಣು ಅನ್ನಾಕತ್ತಾರ. ಬರೂ ತಿಂಗಳ ತಪಾಸಣಾ ಸಮಿತಿ ಬರತೈತಿ. ಅವರು ಏನರ ಒಂದು ಚಲೋ ಮಾತು ಬರದು ಹೋದ್ರ ಉಳೀತೈತಿ. ಇಲ್ಲಾಂದ್ರ ನಿಮ್ಮನ್ನ ನಮ್ಮ ಸಂಸ್ಥಾದ ಹೈಸ್ಕೂಲಿಗೆ ಕಳಸ್ತಾರ ನೋಡ್ರಿ.” ಎಂಟನೇ ಇಯತ್ತೆಯ ಮಕ್ಕಳಿಗೆ ಆಯಸ್ಕಾಂತದ ಪಾಠ ಮಾಡುವ ನನ್ನನ್ನು ನಾನೇ ಕಣ್ಣ ಮುಂದೆ ತಂದುಕೊಂಡು ಆ ದಿನ ಊಟ ಬಿಟ್ಟೆ.

ಸಮಿತಿಗಾಗಿ ಪ್ರತಿಯೊಬ್ಬರೂ ಒಂದು ಫಾರ್ಮ್ ತುಂಬಬೇಕಿತ್ತು. ಹೆಸರು, ಪದವಿ, ಅನುಭವ ಎಲ್ಲ ಸರಿ. ಕೊನೆಗೊಂದು ಕಾಲಮ್ಮು: ‘ಬೋಧನಾ ಆಸಕ್ತಿ’. ಇಷ್ಟು ವರ್ಷದಲ್ಲಿ ನಮಗೆ ವೇಳಾಪಟ್ಟಿ ಕೊಟ್ಟಿದ್ದಾರೆಯೇ ಹೊರತು ನಿಮಗೇನು ಆಸಕ್ತಿ ಎಂದು ಯಾರೂ ಕೇಳಿರಲಿಲ್ಲ. ಏಳೇ ವಿದ್ಯಾರ್ಥಿಗಳಿದ್ದ ನನಗೆ ಬಿಡುವು ಬೇಕಾದಷ್ಟು. ಮನಸ್ಸಿಟ್ಟು ನಾಲ್ಕು ಸಾಲು ಬರೆದೆ: ಹಾವಸೆ ಸಸ್ಯಗಳ ಜೀವನ, ಅವುಗಳಿಗೂ ನಮ್ಮ ನೆಲಕ್ಕೂ ಇರುವ ಸಂಬಂಧ, ಇತ್ಯಾದಿ. ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾವ ಫಾರ್ಮ್ ಬಂದರೂ ಮೊದಲು ಒಬ್ಬರು ತುಂಬುತ್ತಾರೆ, ಉಳಿದವರು ಅದನ್ನು ನೋಡಿ ಬರೆಯುತ್ತಾರೆ. ಪರೀಕ್ಷೆಯಲ್ಲಿ ಹುಡುಗರ ಕೈಯಿಂದ ಚೀಟಿ ಕಸಿಯುವ ಮಹಾನುಭಾವರೇ ಇವರು. ಕೊನೆಯ ದಿನ ಸಂಜೆ ವಿಜಯಪುರದ ಬಸ್ಸಿಗೆ ಹತ್ತು ನಿಮಿಷ ಇರುವಾಗ “ಮ್ಯಾಡಂ, ನಿಮ್ಮದು ಸ್ವಲ್ಪ ಕೊಡ್ರಿ” ಎಂದು ನದಾಫ ಸರ್ ಒಯ್ದರು. ಅವರಿಂದ ಬಿರಾದಾರರ ಕೈಗೆ, ಅಲ್ಲಿಂದ ಪಾಟೀಲರ ಕೈಗೆ, ಹೀಗೆ ಅದು ಟೇಬಲ್ ಸುತ್ತಿತು. ಪ್ರಿನ್ಸಿಪಾಲರೂ ಅದೇ ಬಸ್ಸಿನವರು. ನಿಂತಲ್ಲೇ ಎಲ್ಲಕ್ಕೂ ಸಹಿ ಹಾಕಿ ಓಡಿದರು.

ಸಮಿತಿ ಬಂತು. ಮೂವರು ಸದಸ್ಯರು, ಅಧ್ಯಕ್ಷರು ಮೈಸೂರು ಕಡೆಯ ಹಿರಿಯರು, ಮೆಲುಮಾತಿನವರು, ಚೂಪು ಕಣ್ಣಿನವರು. ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿಕೊಂಡು ಫಾರ್ಮುಗಳನ್ನು ತಿರುವುತ್ತ ಹೋದಂತೆ ಅವರ ಕನ್ನಡಕ ಮೂಗಿನ ತುದಿಗೆ ಇಳಿಯಿತು.

“ಪ್ರಿನ್ಸಿಪಾಲರೇ, ಸಸ್ಯಶಾಸ್ತ್ರದ ಮೇಡಂ ಹಾವಸೆಯಲ್ಲಿ ಆಸಕ್ತಿ ಅಂತ ಬರೆದಿದ್ದಾರೆ, ಸರಿ. ಇತಿಹಾಸದವರೂ ಹಾವಸೆ ಅಂತಾರೆ. ಅರ್ಥಶಾಸ್ತ್ರವೂ ಹಾವಸೆ. ದೈಹಿಕ ಶಿಕ್ಷಣದವರೂ ಹಾವಸೆಯೇ! ಒಟ್ಟು ಹನ್ನೊಂದು ಜನ. ಏನಿದು?”

ಪ್ರಿನ್ಸಿಪಾಲರ ಮುಖ ಸುಣ್ಣವಾಯಿತು. ಹೆಸರು, ಪದವಿ ಬಿಟ್ಟು ಉಳಿದದ್ದನ್ನೆಲ್ಲ ಮಹಾನುಭಾವರು ಕಣ್ಣು ಮುಚ್ಚಿ ಇಳಿಸಿದ್ದರು! ಮುಗಿಯಿತು, ವಿಭಾಗವೂ ಹೋಯಿತು, ಮಾನವೂ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ನದಾಫ ಸರ್ ಎದ್ದು ನಿಂತರು, ಆಟದ ಬಯಲಲ್ಲಿ ನಿಂತ ಹಾಗೆಯೇ ಎದೆಯುಬ್ಬಿಸಿ.

“ಬರೋಬ್ಬರಿ ಐತ್ರಿ ಸರ್. ನಮ್ಮ ಕಬಡ್ಡಿ ಅಂಕಣದ ಮಗ್ಗಲಕ ನಳ ಐತ್ರಿ. ಮಳಿಗಾಲದಾಗ ಅಲ್ಲೆ ಹಾವಸಿ ಕಟ್ಟಿ ಹುಡುಗೂರು ಜಾರತಿದ್ರು. ಹಾವಸಿಗೆ ಬೇರು ಇರೂದಿಲ್ರಿ, ಕೂದಲದಂಥಾ ಎಳಿಲೆ ನೆಲಾ ಹಿಡಕೊಂಡಿರತೈತಿ. ಅದಕ್ಕ ಕಾಲಿಟ್ಟ ಕೂಡ್ಲೆ ಕಿತ್ತು ಬರತೈತಿ. ಇದು ತಿಳಿದ ಮ್ಯಾಲೆ ನಾ ಅಂಕಣಾನ ಬಿಸಲಿನ ಕಡಿಗೆ ಸರಿಸೀನಿ. ಹಾವಸಿ ಗೊತ್ತಿಲ್ಲದಾಂವ ಕಬಡ್ಡಿ ಆಡಸಬಾರದ್ರಿ.”

ನಾನು ದಂಗಾದೆ. ಬೇರಿನ ಆ ಮಾತು ನನ್ನದು! ಎಂದೋ ಚಹಾ ಕುಡಿಯುವಾಗ ಹೇಳಿದ್ದು. ಅವರು ಕೂಡುವ ಮೊದಲೇ ಬಿರಾದಾರ ಸರ್ ಎದ್ದರು. “ನಾವು ಹುಡುಗೂರ್ನ ಹಳೇ ಬಾವಡಿ ನೋಡಾಕ ಕರಕೊಂಡು ಹೋಗ್ತೇವ್ರಿ ಸರ್. ಬಾವಿ ಮೆಟ್ಟಲದ ಮ್ಯಾಲೆ ಹಾವಸಿ ಎಲ್ಲಿತನಾ ಐತಿ ನೋಡ್ರೆಪಾ, ಅಲ್ಲಿತನಾ ತ್ಯಾವ ಇತ್ತಂತ ತಿಳೀರಿ ಅಂತೇನಿ. ಕಲ್ಲಿನ ಬರಹ ಇಲ್ಲದಲ್ಲೆ ನಮಗ ಹಾವಸಿನ ಆಧಾರ್ರಿ.” ಪಾಟೀಲ ಸರ್ ಕಣ್ಣನ್ನು ಪೂರ್ತಿ ತೆರೆದು, ಲಿಂಬೆ ಗಿಡದ ಬುಡಕ್ಕೆ ಹಾವಸೆ ಕಟ್ಟಿತೆಂದರೆ ರೈತ ಅಗತ್ಯಕ್ಕಿಂತ ಹೆಚ್ಚು ನೀರು ಬಿಟ್ಟಿದ್ದಾನೆಂದೇ ಅರ್ಥ, ನೀರಿನ ಲೆಕ್ಕವೇ ನಮ್ಮ ಭಾಗದ ನಿಜವಾದ ಅರ್ಥಶಾಸ್ತ್ರ ಎಂದು ಗಂಭೀರವಾಗಿ ಹೇಳಿ ಕೂತರು. ಎಲ್ಲವೂ ನಾನು ಹೇಳಿದ್ದೇ! ಹದಿನಾಲ್ಕು ವರ್ಷ ಗೋಡೆಗೆ ಹೇಳುತ್ತಿದ್ದೇನೆಂದುಕೊಂಡದ್ದು ಇವರ ತಲೆಯಲ್ಲಿ ಬೆಚ್ಚಗೆ ಕೂತಿತ್ತು. ಸೆರಗು ಅಡ್ಡ ಹಿಡಿದು ಸುಳ್ಳೇ ಕೆಮ್ಮಿದೆ.

ಅಧ್ಯಕ್ಷರು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. “ಸರಿ, ನಿಮ್ಮ ಕಾಲೇಜಿನಲ್ಲಿರುವ ಹಾವಸೆ ತೋರಿಸಿ ನೋಡೋಣ” ಎಂದು ಎದ್ದೇಬಿಟ್ಟರು. ಪ್ರಿನ್ಸಿಪಾಲರು ನನ್ನ ಕಿವಿಯ ಹತ್ತಿರ ಬಂದು, “ಮ್ಯಾಡಂ, ಹದಿನೈದು ದಿನದ ಹಿಂದ ಟಾಕಿ ಸೋರೂದು ಬಂದ್ ಮಾಡಿಸೇನ್ರಿ. ಸಮಿತಿ ಬರತೈತಲ್ಲ ಅಂತ...” ಎಂದರು. ತಯಾರಿಯ ಗದ್ದಲದಲ್ಲಿ ನಾನು ಆ ಕಡೆ ಹಾದೇ ಇರಲಿಲ್ಲ. ಇಡೀ ಮೆರವಣಿಗೆ ಹಿಂದಿನ ಗೋಡೆಗೆ ಹೋಯಿತು. ಸಮಿತಿಯವರು ಹಿಂದಕ್ಕೆಲ್ಲಿ ಬರುತ್ತಾರೆಂದು ಮುಂದಿನ ಗೋಡೆಗಷ್ಟೇ ಬಣ್ಣ ಬಳಿಸಿದ್ದರಿಂದ ಗೋಡೆಯೇನೋ ಹಾಗೇ ಇತ್ತು. ಆದರೆ ನನ್ನ ಹಾವಸೆ ಒಣಗಿ, ಮುದುರಿ, ತಂಬಾಕಿನ ಪುಡಿಯಾಗಿತ್ತು.

“ಸತ್ತು ಹೋಗಿದೆಯಲ್ಲಮ್ಮ” ಎಂದರು ಅಧ್ಯಕ್ಷರು.

ಎಲ್ಲಿತ್ತೋ ನನಗೆ ಆ ಸಿಟ್ಟು! “ಸತ್ತಿಲ್ರಿ ಸರ್. ಹಾವಸಿ ಅಷ್ಟು ಸರಳ ಸಾಯೂದಿಲ್ಲ. ನೀರು ತರ್ರಿ” ಎಂದೆ. ನದಾಫ ಸರ್ ಹಿಂದೆಮುಂದೆ ನೋಡದೆ ಅಧ್ಯಕ್ಷರ ಕೈಯಲ್ಲಿದ್ದ ಬಾಟಲಿಯನ್ನೇ ಇಸಿದುಕೊಂಡು ನನಗೆ ಕೊಟ್ಟರು. ಒಂದಿಷ್ಟು ಚಿಮುಕಿಸಿದೆ. ಎಲ್ಲರೂ ಗೋಡೆಯ ಕಡೆ ಬಾಗಿದರು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಒಂದು ಎಳೆ ಸೆಟೆಯಿತು. ಅದರ ಪಕ್ಕದ್ದು ಮಗ್ಗಲು ಬದಲಿಸಿತು. ನೋಡನೋಡುತ್ತಿದ್ದಂತೆ ಪುಟ್ಟ ಪುಟ್ಟ ಎಲೆಗಳು ಬಿಚ್ಚಿಕೊಂಡು, ಆ ಸುಡು ಬಿಸಿಲಿನ ಇಂಡಿಯಲ್ಲಿ, ಅಂಗೈ ಅಗಲದ ಗೋಡೆ ಹಸಿರಾಯಿತು. ಅಧ್ಯಕ್ಷರು ನನ್ನ ಭೂತಗನ್ನಡಿ ಇಸಿದುಕೊಂಡು ಗೋಡೆಗೆ ಮುಖ ಹಚ್ಚಿದವರು ಬಹಳ ಹೊತ್ತು ತೆಗೆಯಲೇ ಇಲ್ಲ. “ಶಾಬ್ಬಾಸ್!” ಎಂದು ಕೂಗಿದ್ದು ಮಾತ್ರ ನಮ್ಮ ಪ್ರಿನ್ಸಿಪಾಲರು, ಸೋರಿಕೆ ನಿಲ್ಲಿಸಿದ ಪುಣ್ಯಾತ್ಮರು.

ವರದಿ ಬಂತು. ಒಂದು ವಿಷಯದ ಸುತ್ತ ಇಷ್ಟೊಂದು ವಿಭಾಗಗಳು ಕೂಡಿ ಯೋಚಿಸುವುದು ಅಪರೂಪ, ಇದಕ್ಕೆ ಮೂಲವಾದ ಸಸ್ಯಶಾಸ್ತ್ರ ವಿಭಾಗವನ್ನು ಮುಂದುವರಿಸಲೇಬೇಕು ಎಂದು ಬರೆದಿದ್ದರು. ನದಾಫ ಸರ್ ತಮ್ಮ ಖರ್ಚಿನಲ್ಲಿ ಪೇಢೆ ತರಿಸಿದರು. ಟಾಕಿಯನ್ನು ಮತ್ತೆ ಸೋರುವಂತೆ ಮಾಡಲು ಪ್ರಿನ್ಸಿಪಾಲರೇ ನಳದವನನ್ನು ಕರೆಸಿದರು. ಅವನು ಮಾತ್ರ ನಮ್ಮೆಲ್ಲರ ತಲೆ ಸರಿ ಇದೆಯೇ ಎಂದು ಸಂಶಯಪಟ್ಟ.

ಪೇಢೆ ತಿನ್ನುತ್ತ ನನಗೊಂದು ನಾಚಿಕೆ ಕಾಡತೊಡಗಿತು. ಇಷ್ಟು ವರ್ಷ ಇವರ ಮುಂದೆ ನನ್ನದನ್ನೇ ಕೊಚ್ಚಿಕೊಂಡೆನಲ್ಲ, ಇವರು ಏನು ಓದಿದ್ದಾರೆ, ಇವರಿಗೆ ಯಾವುದು ಪ್ರೀತಿ ಎಂದು ಒಂದು ದಿನವಾದರೂ ಕೇಳಿದೆನೇ? ಋಣ ತೀರಿಸುವವಳಂತೆ ಅಂದೇ ನದಾಫ ಸರ್ ಎದುರು ಕುರ್ಚಿ ಎಳೆದುಕೊಂಡು ಕೂತೆ. “ಸರ್, ನೀವು ಯಾವುದರ ಮ್ಯಾಲೆ ಸಂಶೋಧನಾ ಮಾಡೀರಿ?”

ಅವರ ಮುಖ ಅರಳಿದ ಪರಿ ಏನು ಹೇಳಲಿ! “ಕೇಳೀರಲ್ರೀ ಮ್ಯಾಡಂ! ಇಷ್ಟು ವರ್ಷದಾಗ ನೀವ ಮೊದಲನೇದಾವ್ರು. ಕಬಡ್ಡಿ ಆಟಗಾರ ಗೆರಿ ದಾಟಿ ಒಳಗ ಹೋಗಾಗ ಅವನ ಹಿಮ್ಮಡ ಎಷ್ಟು ಓರಿ ಇರಬೇಕು ಅನ್ನೂದರ ಮ್ಯಾಲೆ. ಮೊದಲ ಎಡಗಾಲಿಂದು ಹೇಳ್ತೇನಿ...” ಎಂದು ಶುರು ಮಾಡಿದರು. ನಾನು ಮನಸಾರೆ ಕಿವಿಗೊಟ್ಟೆ, ದೇವರಾಣೆ. ಎಡಗಾಲು ಇನ್ನೂ ಮುಗಿದಿರಲಿಲ್ಲ, ನನಗೆ ಆಕಳಿಕೆ ಬಂತು.