ಜೋಡಿ ಕಾರ್ಬೊರೇಟರ್ ಮತ್ತು ಶಿವರುದ್ರಮ್ಮನ ಕಿವಿ

ತಿಪಟೂರು ಸೀಮೆಯಲ್ಲಿ ಜೋಡೆತ್ತು ಕಟ್ಟಿದವರು ಮನೆಗೊಬ್ಬರಿದ್ದಾರು. ಜೋಡಿ ಕಾರ್ಬೊರೇಟರ್ ಕಟ್ಟಿದವನು ನಾನೊಬ್ಬನೇ! ಅದು ಎಪ್ಪತ್ತೆಂಟನೇ ಇಸವಿ. ನನ್ನ ಹಳೇ ಮಾರಿಸ್ ಮೈನರಿಗೆ ಹುಟ್ಟುವಾಗ ಇದ್ದದ್ದು ಒಂದೇ ಕಾರ್ಬೊರೇಟರ್. ಒಂದೇ ಮೂಗಿನಲ್ಲಿ ಉಸಿರಾಡಿಕೊಂಡು ಇಪ್ಪತ್ತು ವರ್ಷ ಓಡಿದ ಕಾರು, ಎರಡು ಮೂಗು ಕೊಟ್ಟರೆ ಹಾರಿಯೇ ಹೋದೀತು ಎಂದು ಬೆಂಗಳೂರಿನ ಗುಜರಿಯಿಂದ ಒಂದು ಜೊತೆ ತಂದೆ. ಭಾಮೈದ ಕಾಡಸಿದ್ದಪ್ಪನ ಮದುವೆ ದಬ್ಬೇಘಟ್ಟದಲ್ಲಿ. ಮದುವೆಗಂಡನ್ನು ಸಂಜೆ ವರಪೂಜೆಯ ಹೊತ್ತಿಗೆ ಈ ಕಾರಿನಲ್ಲೇ ಇಳಿಸುತ್ತೇನೆಂದು ಅತ್ತೆ ಮಾವನ ಮುಂದೆ ಎದೆ ತಟ್ಟಿ ಹೇಳಿದ್ದೆ.

ಆವತ್ತು ಬೆಳಿಗ್ಗೆ ಪುಸ್ತಕ ನೋಡಿಕೊಂಡು ಎರಡನ್ನೂ ಕೂರಿಸಿ ಕಾರು ಚಾಲೂ ಮಾಡಿದೆ. ಮೈಮೇಲೆ ದೇವರು ಬಂದ ಹಾಗೆ ನಡುಗಿತು! ಆಕ್ಸಿಲರೇಟರ್ ಒತ್ತಿದರೆ ಢಮಾರ್! ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಮದುವೆಗಂಡು ಹೊಸ ಪಂಚೆಯುಟ್ಟು ಜಗಲಿ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ. ಮಧ್ಯಾಹ್ನವಾದರೂ ಅದೇ ನಡುಕ, ಅದೇ ಢಮಾರ್. ಕೊನೆಗೆ ಗ್ಯಾರೇಜಿನ ರಹಮತುಲ್ಲಾ ಸಾಹೇಬರಿಗೆ ಹೇಳಿ ಕಳಿಸಿದೆ.

ಸಾಹೇಬರು ಒಂದು ರಬ್ಬರ್ ಪೈಪು ಹಿಡಿದು ಬಂದರು. ಎರಡೂ ಕಾರ್ಬೊರೇಟರ್ ಒಂದೇ ಸಮ ಗಾಳಿ ಎಳೆಯಬೇಕಂತೆ. ಪೈಪಿನ ಒಂದು ತುದಿಯನ್ನು ಒಂದೊಂದೇ ಕಾರ್ಬೊರೇಟರಿನ ಬಾಯಿಗಿಟ್ಟು, ಇನ್ನೊಂದನ್ನು ಕಿವಿಗಿಟ್ಟು, ಎರಡರ ಸದ್ದೂ ಒಂದಾಗುವವರೆಗೆ ಸ್ಕ್ರೂ ತಿರುಗಿಸಬೇಕಂತೆ.

“ಲಾರಿ ಇಂಜಿನ್ನು ಕೇಳಿ ಕೇಳಿ ನನ್ ಕಿವಿ ಹೋಯ್ತು ಸ್ವಾಮಿ. ನೀವೇ ಕೇಳಿ,” ಎಂದರು.

ಕೇಳಿದೆ. ಎಡಗಡೆ ಬುಸ್. ಬಲಗಡೆಯೂ ಬುಸ್. ಎರಡೂ ಒಂದೇ ಎಂದು ತೀರ್ಪು ಕೊಟ್ಟೆ. ಕಾರು ಮತ್ತೊಮ್ಮೆ ಢಮಾರ್ ಎಂದಿತು.

ಆ ಸದ್ದಿಗೆ ನನ್ನ ಹೆಂಡತಿ ಶಿವರುದ್ರಮ್ಮ ಅಟ್ಟದಿಂದಿಳಿದು ಬಂದಳು. ಅಟ್ಟದ ಮೇಲಿನ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿ ಹತ್ತಿರ ಕುಲುಕಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟುಕೊಂಡವನ್ನು ಸದ್ದಿನಲ್ಲೇ ಗುರುತಿಸಿ ಮದುವೆಗೆಂದು ಆರಿಸುತ್ತಿದ್ದಳು. ಪೈಪು ಕಿತ್ತುಕೊಂಡು ಕಿವಿಗಿಟ್ಟು ಕಣ್ಣು ಮುಚ್ಚಿದಳು.

“ಸಾಹೇಬ್ರೆ, ಈ ಕಡೇದು ಜೋರಾಗಿ ಎಳೀತೈತೆ. ಆ ಕಡೇದು ಬರೀ ಮುಲುಗ್ತೈತೆ. ಅದ್ರ ಸ್ಕ್ರೂನ ಒಂಚೂರು ಬುಡಿ. ಇನ್ನೊಂಚೂರು. ಹಾಂ, ಸಾಕು.”

ಅಬ್ಬಾ! ನಡುಕ ನಿಂತೇ ಹೋಯಿತು! ಮಡ್‌ಗಾರ್ಡಿನ ಮೇಲಿಟ್ಟಿದ್ದ ಲೋಟದ ಕಾಫಿ ಅಲುಗಲಿಲ್ಲ. ಒತ್ತಿದರೆ ಒಂದೇ ಸಮ ಗುಂಯ್ ಎಂಬ ನಾದ! ನನಗೆ ರೋಮಾಂಚನವಾಯಿತು. ಸಾಹೇಬರು ಟೋಪಿ ತೆಗೆದು ಅವಳಿಗೆ ಸಲಾಮು ಮಾಡಿದರು. ಹನ್ನೆರಡು ವರ್ಷದಿಂದ ಅವಳಿಗೆ ಕೇಳಿಸದು ಎಂದುಕೊಂಡು ನಾನು ಗೊಣಗಿದ್ದೆಲ್ಲ ಈ ಕಿವಿಗೆ ಬಿದ್ದಿದೆಯಲ್ಲಾ ಎಂದು ನೆನೆದು ಅಲ್ಲೇ ಬೆವತೆ.

ಸಾವರಿಸಿಕೊಂಡು ಸ್ಟೀರಿಂಗ್ ಹಿಡಿಯಹೊರಟರೆ ಮದುವೆಗಂಡು ಅಡ್ಡ ಬಂದ.

“ಭಾವ, ನೀವಿದ್ರೆ ನಿಮ್ ಕೈ ಸುಮ್ಕಿರಲ್ಲ. ಸಾಹೇಬ್ರು ಓಡಿಸ್ಲಿ, ಅಕ್ಕ ಮುಂದೆ ಕೂತು ಸದ್ದು ಕೇಳ್ಲಿ. ನೀವು ಬಸ್ಸಲ್ಲಿ ಬನ್ನಿ.”

ನಾನು ದಬ್ಬೇಘಟ್ಟದಲ್ಲಿ ಬಸ್ಸಿಳಿದಾಗ ವರಪೂಜೆ ಮುಗಿದಿತ್ತು. ಜನ ಇನ್ನೂ ಕಾರಿನ ಸುತ್ತ ನಿಂತು, ಕಿವಿಯಿಂದಲೇ ಅದನ್ನು ಸರಿ ಮಾಡಿದ ಹೆಂಗಸಿನ ಸುದ್ದಿಯನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಚಪ್ಪರದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹಿರಿಯರೊಬ್ಬರು, ನಾನು ಗಂಡಿಗೆ ಏನಾಗಬೇಕೆಂದು ವಿಚಾರಿಸಿದರು.

“ಆ ಕಾರು ಸರಿ ಮಾಡಿದ್ರಲ್ಲ ಅಮ್ಮ, ನಾನು ಅವ್ರ ಯಜಮಾನ ಕಣ್ರೀ,” ಎಂದೆ.

ತಕ್ಷಣ ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತು.